ಆರು ವರ್ಷ ಟೂರ್ ಸುತ್ತಿದ ಗಾಲ್ಫ್ ಟ್ರಾವೆಲ್ ಬ್ಯಾಗ್: ಹೊತ್ತವನ ರಿವ್ಯೂ

ತಮ್ಮನ ಗಾಲ್ಫ್ ಟ್ರಾವೆಲ್ ಬ್ಯಾಗ್ ಬಗ್ಗೆ ಕೇಳಿ ಫೋನ್ ಮಾಡಿದವರಲ್ಲಿ ಮೊನ್ನೆಯವರು ನಾಲ್ಕನೆಯವರು. ಪ್ರತಿ ಸಲ ಅರ್ಧ ಗಂಟೆ ಹೇಳಿ ಹೇಳಿ ಸಾಕಾಯಿತು. ಅದಕ್ಕೆ ಒಮ್ಮೆ ಬರೆದೇ ಬಿಡುವ ಅಂತ ಕೂತೆ. ಕಂಪನಿ ಹೆಸರು ಹಾಕುವುದಿಲ್ಲ, ಯಾಕೆ ಅಂತ ಓದುತ್ತಾ ಹೋದರೆ ಗೊತ್ತಾಗುತ್ತದೆ. ಆದರೆ ಈ ತರದ ಬ್ಯಾಗ್ ತಗೊಳ್ಳುವಾಗ ಎಂತ ನೋಡಬೇಕು, ಎಂತ ನೋಡಬಾರದು ಅನ್ನುವುದು ನನಗೆ ಚೆನ್ನಾಗಿ ಗೊತ್ತುಂಟು, ಯಾಕಂದ್ರೆ ಆರು ವರ್ಷ ಅದನ್ನು ಎಳೆದದ್ದು ಹೆಚ್ಚಾಗಿ ನಾನೇ.

ನಾನು ಗಾಲ್ಫ್ ಆಡುವವನಲ್ಲ. ಮಂಗಳೂರಿನ ಉರ್ವ ಕಡೆ ನಮ್ಮದೊಂದು ಸಣ್ಣ ಹಾರ್ಡ್‌ವೇರ್ ಅಂಗಡಿ ಉಂಟು. ಆಡುವವನು ತಮ್ಮ. ಪಿಲಿಕುಳದ 9 ಹೋಲ್ (ಬಾಲ್ ಹಾಕುವ ಗುಂಡಿ) ಕೋರ್ಸ್‌ನಲ್ಲಿ ಶುರು ಮಾಡಿ, ಅದನ್ನೇ ಎರಡು ಸುತ್ತು ಹೊಡೆದು 18 ಮಾಡಿಕೊಂಡು ಕಲಿತವನು. 2017ರಿಂದ 2022ರ ಕೊನೆಯವರೆಗೆ ಪ್ರೊಫೆಷನಲ್ ಆಗಿ ಆಡಿದ. ಟಿವಿಯಲ್ಲಿ ಬರುವ ಗಾಲ್ಫ್ ಅಲ್ಲ, ಅದರ ಕೆಳಗಿನದ್ದು. ಇದನ್ನು ನಮ್ಮ ಕಡೆಯವರಿಗೆ ಹೇಳುವುದು ಸುಲಭ. ಯಕ್ಷಗಾನದಲ್ಲಿ ಮೇಳಕ್ಕೆ ಸೇರಿದ ಕೂಡಲೇ ಯಾರಿಗೂ ದೊಡ್ಡ ವೇಷ ಕೊಡುವುದಿಲ್ಲ, ಕೋಡಂಗಿ, ಬಾಲಗೋಪಾಲ ಅಂತ ಪೂರ್ವರಂಗದಲ್ಲಿ ಕುಣಿದು ಕುಣಿದು ಮೇಲೆ ಬರಬೇಕು, ಅಲ್ವಾ? ಗಾಲ್ಫ್‌ನಲ್ಲೂ ಹಾಗೇ. ವ್ಯತ್ಯಾಸ ಒಂದೇ, ಇಲ್ಲಿ ಕೋಡಂಗಿ ವೇಷ ಹಾಕಲಿಕ್ಕೆ ನಾವೇ ದುಡ್ಡು ಕೊಡಬೇಕು.

ಬ್ಯಾಗ್ ತಗೊಂಡದ್ದು 2017ರ ಜನವರಿಯಲ್ಲಿ, ತಮ್ಮ ಕ್ವಾಲಿಫೈಯಿಂಗ್ ಸ್ಕೂಲ್‌ಗೆ ಹೊರಡುವ ಮುಂಚೆ. ಹೆಸರು ಸ್ಕೂಲ್ ಅಂತ ಇದ್ದರೂ ಅಲ್ಲಿ ಕಲಿಸುವುದು ಏನೂ ಇಲ್ಲ, ಬರೀ ಪರೀಕ್ಷೆ. ಅದರಲ್ಲಿ ಮೇಲೆ ಬಂದವರಿಗೆ ಆ ವರ್ಷ ಪಿಜಿಟಿಐ ಟೂರ್ನಿಗಳಲ್ಲಿ ಆಡಲು ಕಾರ್ಡ್ ಸಿಗುತ್ತದೆ. ಪಿಜಿಟಿಐ ಅಂದರೆ 2006ರಲ್ಲಿ ಶುರುವಾದ ನಮ್ಮ ದೇಶದ ಪ್ರೊಫೆಷನಲ್ ಟೂರ್, ಈಗ ಅದಕ್ಕೆ ಕ್ರಿಕೆಟ್‌ನ ಕಪಿಲ್ ದೇವ್ ಅಧ್ಯಕ್ಷರು. ಬ್ಯಾಗಿಗೆ 11,500 ರೂಪಾಯಿ. ಆಗ ನಾನು ಬೈದಿದ್ದೆ. ಗೋಣಿ ಚೀಲಕ್ಕೆ ಚಕ್ರ ಹಾಕಿದ ಹಾಗೆ ಉಂಟು, ಇದಕ್ಕೆ ಹನ್ನೊಂದೂವರೆ ಸಾವಿರವಾ ಅಂತ. ಆ ಮಾತನ್ನು ವಾಪಸ್ ತಗೊಳ್ಳಲು ನನಗೆ ಸುಮಾರು ಒಂದು ವರ್ಷ ಬೇಕಾಯಿತು.

ಮೊದಲು ತೂಕದ ವಿಷಯ, ಯಾಕಂದ್ರೆ ಕೇಳುವವರೆಲ್ಲ ಇದನ್ನು ಬಿಟ್ಟು ಬಣ್ಣ ಕೇಳುತ್ತಾರೆ. ನಿಯಮದ ಪ್ರಕಾರ ಒಬ್ಬ ಆಟಗಾರ 14 ಕ್ಲಬ್, ಅಂದರೆ ಬಾಲ್ ಹೊಡೆಯುವ ಕೋಲು, ಮಾತ್ರ ಇಟ್ಟುಕೊಳ್ಳಬಹುದು. ನಮ್ಮ ಅಂಗಡಿಯ ತಕ್ಕಡಿಯಲ್ಲೇ ಇಟ್ಟು ನೋಡಿದ್ದೇನೆ, ಹದಿನಾಲ್ಕೂ ಸೇರಿ ಆರು ಕೆಜಿಯ ಹತ್ತಿರ. ಅದನ್ನು ಹಾಕುವ ಸ್ಟ್ಯಾಂಡ್ ಬ್ಯಾಗ್ ಎರಡೂವರೆ. ಅದರ ಮೇಲೆ ಈ ಟ್ರಾವೆಲ್ ಬ್ಯಾಗ್ ಸುಮಾರು ನಾಲ್ಕು. ಇಷ್ಟಕ್ಕೇ ಹನ್ನೆರಡೂವರೆ ಆಯಿತು. ಇನ್ನು ಒಂದು ಬಾಲ್ 46 ಗ್ರಾಂ ಒಳಗೇ ಇರಬೇಕು ಅಂತ ನಿಯಮ, ಕೇಳಲಿಕ್ಕೆ ಹಗುರ, ಆದರೆ ಎರಡು ಡಜನ್ ಹಾಕಿದರೆ ಒಂದು ಕೆಜಿಗಿಂತ ಜಾಸ್ತಿ. ಶೂ, ದೊಡ್ಡ ಕೊಡೆ, ರೇನ್‌ಕೋಟ್, ಟವೆಲ್. ಒಳದೇಶದ ವಿಮಾನದಲ್ಲಿ ಸಾದಾ ಟಿಕೆಟ್‌ಗೆ ಕೊಡುವುದು 15 ಕೆಜಿ. ಅಂದರೆ ಬಟ್ಟೆ ಎಲ್ಲ ಕೈಚೀಲದಲ್ಲಿ. ಒಂದು ವಾರದ ಟೂರ್ನಿಗೆ ನನ್ನ ತಮ್ಮ ಎರಡು ಪ್ಯಾಂಟ್‌ನಲ್ಲಿ ಹೋಗಿ ಬಂದದ್ದುಂಟು. ಹಾಗಾಗಿ ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆ ತರದ್ದು ಬೇಡ ಮಾರಾಯ್ರೆ. ಅದು ರಕ್ಷಣೆಗೆ ಒಳ್ಳೆಯದೇ, ಆದರೆ ಖಾಲಿ ಇದ್ದಾಗಲೂ ಭಾರ, ಮನೆಯಲ್ಲಿ ಇಡಲು ಜಾಗ ಇಲ್ಲ, ಬಸ್ಸಿನವರು ಹತ್ತಿಸುವುದೂ ಇಲ್ಲ. ಬಟ್ಟೆಯದ್ದೇ ತಗೊಳ್ಳಿ, ತಲೆಯ ಭಾಗದಲ್ಲಿ ದಪ್ಪ ಫೋಮ್ ಇರುವುದು.

ಬಸ್ ಅಂದೆ. ವಿಮಾನ ಅಂದರೆ ನಮಗೆ ಹಬ್ಬ. ಹೆಚ್ಚಿನ ಸಲ ಹೋದದ್ದು ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ, ಅಲ್ಲಿಂದ ಮುಂದಕ್ಕೆ. ಕೋಲ್ಕತ್ತಕ್ಕೆ ಒಮ್ಮೆ ಮಂಗಳೂರು ಸೆಂಟ್ರಲ್‌ನಿಂದ ಸಂತ್ರಗಾಚಿಗೆ ಹೋಗುವ ವಿವೇಕ್ ಎಕ್ಸ್‌ಪ್ರೆಸ್‌ನಲ್ಲಿ ಹೋದೆವು. ವಾರಕ್ಕೊಂದೇ ಗಾಡಿ, ಎರಡು ರಾತ್ರಿ ಪ್ರಯಾಣ. ಬ್ಯಾಗನ್ನು ಕೆಳಗಿನ ಬರ್ತ್‌ನ ಅಡಿಗೆ ಉದ್ದಕ್ಕೆ ತೂರಿಸಿ, ಸರಪಳಿ ಹಾಕಿ, ಎದುರು ಕೂತಿದ್ದ ಅಜ್ಜನಿಗೆ ಇದರಲ್ಲಿ ಬಂದೂಕು ಇಲ್ಲ ಅಂತ ಅರ್ಧ ದಾರಿ ವಿವರಿಸಿದ್ದೇ ಆಯಿತು. ಬಸ್ಸಿನ ಕ್ಲೀನರ್‌ಗಳಂತೂ ಯಕ್ಷಗಾನದ ಸಾಮಾನಾ ಅಂತಲೇ ಕೇಳುವುದು. ಮೊದಮೊದಲು ಅಲ್ಲ ಅನ್ನುತ್ತಿದ್ದೆ. ಆಮೇಲೆ ಹೌದು ಅಂದು ನೋಡಿದೆ, ಮೆಲ್ಲಗೆ ಇಡುತ್ತಾರೆ! ಅಂದಿನಿಂದ ನಮ್ಮದು ಮೇಳದ ಪೆಟ್ಟಿಗೆಯೇ.

ಈಗ ಮುಖ್ಯ ವಿಷಯ, ಕ್ಲಬ್ ಮುರಿಯುವುದು. ಡ್ರೈವರ್ ಅನ್ನುವ ಉದ್ದದ ಕ್ಲಬ್ ಇರುತ್ತದಲ್ಲ, ಸಾಮಾನ್ಯವಾಗಿ 45 ಇಂಚಿನ ಆಸುಪಾಸು. ಬ್ಯಾಗ್ ತಲೆಕೆಳಗಾಗಿ ಬಿದ್ದರೆ ಮೊದಲು ನೆಲಕ್ಕೆ ತಾಗುವುದು ಅದರ ತಲೆ. ಕಾರ್ಬನ್ ಶಾಫ್ಟ್, ಅಂದರೆ ಅದರ ಉದ್ದದ ಕೋಲು, ತಲೆಗೆ ಸೇರುವ ಕುತ್ತಿಗೆಯ ಜಾಗದಲ್ಲಿ ಟಕ್ ಅಂತ ಹೋಗುತ್ತದೆ. ನಮಗೆ ಇದು ಗೊತ್ತಾದದ್ದು ಎರಡನೇ ವರ್ಷ. ಉತ್ತರದ ಒಂದು ಊರಿಗೆ ವಿಮಾನದಲ್ಲಿ ಹೋದೆವು, ಯಾವ ಕಂಪನಿ ಅಂತ ಬೇಡ. ಬೆಲ್ಟ್ ಮೇಲೆ ಬ್ಯಾಗ್ ಬಂದಾಗ ಒಂದು ಚಕ್ರ ಇರಲಿಲ್ಲ. ಚಕ್ರ ಹೋದರೆ ಹೋಗಲಿ ಅಂತ ಹೋಟೆಲಿಗೆ ಬಂದು ಜಿಪ್ ಎಳೆದರೆ ಡ್ರೈವರ್ ಎರಡು ತುಂಡು. ತಮ್ಮ ಒಂದು ಮಾತಾಡಲಿಲ್ಲ. ತುಂಡನ್ನು ಕೈಯಲ್ಲಿ ಹಿಡಿದು ಹಾಸಿಗೆ ಮೇಲೆ ಕೂತ. ಕೌಂಟರಿನಲ್ಲಿ ಫಾರ್ಮ್ ತುಂಬಿಸಿದೆವು, ಫೋಟೋ ಕಳಿಸಿದೆವು, ಮೇಲ್ ಮಾಡಿದೆವು. ಒಡೆಯುವ ವಸ್ತುವಿಗೆ ನಾವು ಹೊಣೆ ಅಲ್ಲ ಅಂತ ಮೂರು ವಾರ ಬಿಟ್ಟು ಉತ್ತರ ಬಂತು. ಬ್ಯಾಗ್ ಮಾರಿದವರನ್ನು ಕೇಳಿದರೆ, ವಾರಂಟಿ ಹೊಲಿಗೆಗೆ ಮಾತ್ರ, ಸಾಗಾಟದಲ್ಲಿ ಪೆಟ್ಟಾದರೆ ಇಲ್ಲ ಅಂದರು. ಟ್ರಾವೆಲ್ ಬ್ಯಾಗಿಗೆ ಸಾಗಾಟದಲ್ಲಿ ಅಲ್ಲದೆ ದೇವರ ಕೋಣೆಯಲ್ಲಿ ಪೆಟ್ಟಾಗುತ್ತದಾ? ಹೆಸರು ಹಾಕದೇ ಇರುವುದು ಇದಕ್ಕೇ. ನಮ್ಮ ಕೇಸಲ್ಲಿ ಯಾರ ತಪ್ಪು ಎಷ್ಟು ಅಂತ ನಾನು ಸಾಬೀತು ಮಾಡಲಾರೆ.

ಆ ವಾರ ಸ್ನೇಹಿತನೊಬ್ಬನ ಹಳೆ ಡ್ರೈವರ್ ಸಾಲ ತಗೊಂಡು ಆಡಿದ. ಶಾಫ್ಟ್ ಅವನ ಕೈಗೆ ಮೆತ್ತಗೆ, ಬಾಲ್ ಎಲ್ಲ ಎಡಕ್ಕೆ. ಎರಡು ದಿನಕ್ಕೆ ಆಟ ಮುಗಿಯಿತು.

ಎರಡು ದಿನಕ್ಕೆ ಯಾಕೆ ಅಂದರೆ, ಅಲ್ಲೇ ಇರುವುದು ಈ ವೃತ್ತಿಯ ಲೆಕ್ಕ. ಟೂರ್ನಿ ನಾಲ್ಕು ದಿನ. 36 ಹೋಲ್ ಆದ ಮೇಲೆ ಕಟ್ ಅಂತ ಗೆರೆ ಎಳೆಯುತ್ತಾರೆ. ಗೆರೆಯ ಕೆಳಗಿದ್ದವರು ಬ್ಯಾಗ್ ಕಟ್ಟಿ ಮನೆಗೆ. ಕೈಗೆ ಒಂದು ರೂಪಾಯಿ ಇಲ್ಲ. ಎಂಟ್ರಿ ಫೀ, ಟಿಕೆಟ್, ಹೋಟೆಲ್, ಊಟ, ಆಟದಲ್ಲಿ ಬ್ಯಾಗ್ ಹೊತ್ತು ಜೊತೆಗೆ ನಡೆಯುವ ಕ್ಯಾಡಿ, ಎಲ್ಲ ಕೈಯಿಂದಲೇ. ನಾನು ಪುಸ್ತಕದಲ್ಲಿ ಬರೆದಿಟ್ಟದ್ದು ಈಗಲೂ ಉಂಟು, ದೂರದ ಊರಾದರೆ ವಾರಕ್ಕೆ ನಲವತ್ತು ಐವತ್ತು ಸಾವಿರ ಸುಮ್ನೆ ಕರಗುತ್ತಿತ್ತು. ಕ್ಯಾಡಿ ಖರ್ಚು ಉಳಿಸಲಿಕ್ಕೆಂದೇ ಅಂಗಡಿಯನ್ನು ಅಪ್ಪನಿಗೆ ಬಿಟ್ಟು ನಾನು ಹೋಗಲು ಶುರು ಮಾಡಿದ್ದು. ಪೇಪರ್‌ನಲ್ಲಿ ಬರುವುದು ಗೆದ್ದವನ ಚೆಕ್ ಮಾತ್ರ. 1 ಕೋಟಿ ಬಹುಮಾನದ ಟೂರ್ನಿಯಲ್ಲಿ ಗೆದ್ದವನಿಗೆ 15 ಲಕ್ಷ. ಆಮೇಲೆ ಇಳಿಯುತ್ತಾ ಇಳಿಯುತ್ತಾ, ಕಟ್ ದಾಟಿ ಕಡೆಯ ಸಾಲಿನಲ್ಲಿ ಮುಗಿಸಿದವನಿಗೆ ಆ ವಾರದ ಖರ್ಚು ಹುಟ್ಟಿದರೆ ಪುಣ್ಯ. ನಮ್ಮವನು ಆ ಪುಣ್ಯದ ಸಾಲಿನವನು. ಒಳ್ಳೆಯ ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಸಲ ಕಟ್ ದಾಟಿದ, ಒಂದು ಸಲವೂ ಗೆಲ್ಲಲಿಲ್ಲ. ಹಾಗಿರುವಾಗ ಒಂದು ಡ್ರೈವರ್ ಮುರಿದರೆ ಹೋಗುವುದು ಡ್ರೈವರ್ ಮಾತ್ರ ಅಲ್ಲ, ಇಡೀ ವಾರ.

ಇದಕ್ಕೆ ಮದ್ದು ಇಷ್ಟೇ. ಬ್ಯಾಗ್ ಒಳಗೆ ಹಾಕಲು ಎತ್ತರ ಹೆಚ್ಚು ಕಡಿಮೆ ಮಾಡಬಹುದಾದ ಒಂದು ಊರುಗೋಲು ಸಿಗುತ್ತದೆ. ಡ್ರೈವರ್‌ಗಿಂತ ಒಂದೆರಡು ಇಂಚು ಎತ್ತರಕ್ಕೆ ಸೆಟ್ ಮಾಡಿ ಕ್ಲಬ್‌ಗಳ ನಡುವೆ ನಿಲ್ಲಿಸಿದರೆ, ಬ್ಯಾಗ್ ಬಿದ್ದಾಗ ಪೆಟ್ಟು ಅದಕ್ಕೆ ಬೀಳುತ್ತದೆ. ಅದು ದುಬಾರಿ ಅನಿಸಿ ನಾನು ಅಂಗಡಿಯ ಅಲ್ಯೂಮಿನಿಯಂ ಪೈಪ್ ಕತ್ತರಿಸಿ, ಎರಡು ತುದಿಗೂ ಕುರ್ಚಿ ಕಾಲಿನ ರಬ್ಬರ್ ಬುಷ್ ಹಾಕಿ ಮಾಡಿದೆ. ನಾಲ್ಕು ವರ್ಷ ನಡೆಯಿತು. ಇನ್ನೊಂದು, ಈಗಿನ ಡ್ರೈವರ್‌ಗಳಲ್ಲಿ ತಲೆ ಬಿಚ್ಚಲು ಸಣ್ಣ ಕೀ ಕೊಡುತ್ತಾರೆ. ಬಿಚ್ಚಿ ಕಾಲುಚೀಲದಲ್ಲಿ ಸುತ್ತಿ ಬಟ್ಟೆ ನಡುವೆ ಇಡಿ. ಆ ಕೀಯನ್ನು ಮಾತ್ರ ಕೈಚೀಲದಲ್ಲಿ ಹಾಕಬೇಡಿ, ಸೆಕ್ಯೂರಿಟಿಯಲ್ಲಿ ಕಾಲು ಗಂಟೆ ಭಾಷಣ ಕೇಳಬೇಕಾದೀತು.

ಚಕ್ರ ರಿಪೇರಿಯ ಬಗ್ಗೆ ಹೇಳಲೇಬೇಕು. ಕಂಪನಿಯವರಲ್ಲಿ ಬಿಡಿ ಚಕ್ರ ಇಲ್ಲ, ಹೊಸ ಬ್ಯಾಗ್ ತಗೊಳ್ಳಿ ಅಂದರು. ಹಂಪನಕಟ್ಟೆ ಹತ್ತಿರ ಸೂಟ್‌ಕೇಸ್ ರಿಪೇರಿ ಮಾಡುವ ಒಬ್ಬರು ಬ್ಯಾಗನ್ನು ತಿರುಗಿಸಿ ಮುರುಗಿಸಿ ನೋಡಿ, ಇದರಲ್ಲಿ ಹೆಣ ಸಾಗಿಸುವುದಾ ಅಂತ ಕೇಳಿ, ಸ್ಕೇಟಿಂಗ್ ಚಕ್ರ ಎರಡು ತಂದು ಬೋಲ್ಟ್ ಹಾಕಿ ಕೂರಿಸಿದರು. 350 ರೂಪಾಯಿ. ಕೆಳಗಿನ ಮೂಲೆ ಹರಿದದ್ದಕ್ಕೆ ಟಯರ್ ತುಂಡು ಇಟ್ಟು ನೈಲಾನ್ ದಾರದಲ್ಲಿ ಹೊಲಿದರು, ಅದಕ್ಕೆ ಬೇರೆ 80. ಆ ಚಕ್ರ ಅಸ್ಸಾಮಿನ ದಿಗ್ಬೋಯಿವರೆಗೆ ಹೋಗಿ ಬಂದಿದೆ. ಎಣ್ಣೆ ಬಾವಿಗಳ ಊರು ಅದು, ಅಲ್ಲಿ ಪ್ರತಿವರ್ಷ ನಡೆಯುವ ಸರ್ವೋ ಮಾಸ್ಟರ್ಸ್ ಟೂರ್ನಿಗೆ ಹೋಗುವುದೆಂದರೆ ಮಂಗಳೂರಿನವರಿಗೆ ದೇಶದ ಇನ್ನೊಂದು ಮೂಲೆ. ಕಂಪನಿಯ ಚಕ್ರಕ್ಕೆ ನನ್ನದು ಎರಡು ಸ್ಟಾರ್, ಹಂಪನಕಟ್ಟೆ ಚಕ್ರಕ್ಕೆ ಐದು.

ಬಟ್ಟೆ ಮತ್ತು ಜಿಪ್ ಬಗ್ಗೆ ನಮ್ಮ ಊರಿನವರಿಗೆಂದೇ ಬೇರೆ ಹೇಳಬೇಕು. ಬೆಂಗಳೂರಿನವರು, ದೆಹಲಿಯವರು ಬರೆದ ರಿವ್ಯೂ ಓದಿ ಇಲ್ಲಿ ಬ್ಯಾಗ್ ತಗೊಳ್ಳಬೇಡಿ. ಅವರಿಗೆ ನಮ್ಮ ಜೂನ್, ಜುಲೈ ಗೊತ್ತಿಲ್ಲ. ಮಳೆ ಹಿಡಿದರೆ ವಾರಗಟ್ಟಲೆ ಬಿಸಿಲಿಲ್ಲ, ಚಪ್ಪಲಿ, ಬೆಲ್ಟ್, ಪರ್ಸ್ ಎಲ್ಲಕ್ಕೂ ಬೂಷ್ಟು. ತಮ್ಮನ ಚರ್ಮದ ಗ್ಲೌಸ್ ಒಂದು ಮಳೆಗಾಲದಲ್ಲಿ ಹಸಿರು ಬಣ್ಣಕ್ಕೆ ತಿರುಗಿ ಕೆಸುವಿನ ಎಲೆ ತರ ಆಗಿತ್ತು. 2020ರಲ್ಲಿ ಕೊರೊನಾ ಬಂದು ಟೂರ್ ತಿಂಗಳುಗಟ್ಟಲೆ ನಿಂತಾಗ ಈ ಬ್ಯಾಗ್ ಅಟ್ಟದಲ್ಲಿ ಬಿದ್ದಿತ್ತು. ಇಳಿಸಿ ನೋಡಿದರೆ ಹೊರಗೆ ಏನೂ ಇಲ್ಲ, ಒಳಗಿನ ಫೋಮ್ ಪೂರ್ತಿ ಬಿಳಿ ಬೂಷ್ಟು. ಮೂರು ದಿನ ಟೆರೇಸ್ ಮೇಲೆ ತಗಡಿನ ಅಡಿಗೆ ಟೇಬಲ್ ಫ್ಯಾನ್ ಹಾಕಿ ಒಣಗಿಸಿದೆ, ವಿನೆಗರ್ ನೀರಿನಲ್ಲಿ ಒರೆಸಿದೆ. ವಾಸನೆ ಈಗಲೂ ಸ್ವಲ್ಪ ಉಂಟು. ಅಲ್ಲಿಂದ ಮೇಲೆ ಬಟ್ಟೆ ಕಪಾಟಿಗೆ ಸಣ್ಣ ಬಲ್ಬ್ ಉರಿಸಿಡುತ್ತೇವಲ್ಲ, ಅದೇ ಕಪಾಟಿನಲ್ಲಿ ಇದನ್ನೂ ನಿಲ್ಲಿಸಿಡುವುದು. ಅಮ್ಮನ ಸೀರೆಗೆ ಜಾಗ ಕಮ್ಮಿ ಆಯಿತು ಅಂತ ಸಣ್ಣ ಜಗಳವೂ ಆಯಿತು. ಜಿಪ್ ಮಾತ್ರ ಪ್ಲಾಸ್ಟಿಕ್ಕಿನದ್ದೇ ಇರಲಿ, ಲೋಹದ್ದು ಉಪ್ಪಿನ ಗಾಳಿಗೆ ಎರಡೇ ವರ್ಷದಲ್ಲಿ ಹಿಡಿದುಕೊಳ್ಳುತ್ತದೆ. ನಮ್ಮದರಲ್ಲಿ ಮುಖ್ಯ ಜಿಪ್ ಪ್ಲಾಸ್ಟಿಕ್, ಶೂ ಹಾಕುವ ಜೇಬಿನದ್ದು ಲೋಹ. ಯಾವುದು ಈಗ ಪೆಟ್ರೋಲ್ ಹಾಕಿ ಎಳೆಯಬೇಕು ಅಂತ ನಾನು ಹೇಳಬೇಕಾಗಿಲ್ಲ.

2019ರಲ್ಲಿ ಮೂರು ಸಲ ಬ್ಯಾಗ್ ಮಲೇಷ್ಯಾಕ್ಕೆ ಹೋಗಿ ಬಂತು. ಅಲ್ಲಿ ನಡೆಯುವ ಏಷ್ಯನ್ ಡೆವಲಪ್‌ಮೆಂಟ್ ಟೂರ್, 2010ರಲ್ಲಿ ಶುರುವಾದದ್ದು, ಏಷ್ಯನ್ ಟೂರಿಗೆ ಏಣಿ ಇದ್ದ ಹಾಗೆ. ವರ್ಷದ ಕೊನೆಗೆ ಮೆರಿಟ್ ಪಟ್ಟಿಯಲ್ಲಿ ಮೇಲಿದ್ದ ಕೆಲವೇ ಜನರಿಗೆ ಮೇಲಿನ ಟೂರಿನ ಕಾರ್ಡ್. ಆಗ ನಮ್ಮ ಬಜ್ಪೆಯಿಂದ ಹೊರದೇಶಕ್ಕೆ ಹಾರುವುದೆಂದರೆ ಗಲ್ಫ್‌ಗೆ, ಹಾಗಾಗಿ ಮತ್ತೆ ಶಿರಾಡಿ, ಮತ್ತೆ ಬೆಂಗಳೂರು. ನಾನು ಹೋಗಲಿಲ್ಲ, ಎರಡು ಟಿಕೆಟ್‌ಗೆ ದುಡ್ಡೆಲ್ಲಿ? ಕ್ವಾಲಾಲಂಪುರದಲ್ಲಿ ಮಳೆ, ಸೆಕೆ ಎಲ್ಲ ನಮ್ಮ ಊರಿನ ಹಾಗೇ ಅಂತ ಫೋನ್ ಮಾಡಿ ಖುಷಿಯಾಗಿ ಹೇಳಿದ್ದ. ಒದ್ದೆ ಕೈಯಲ್ಲಿ ಕ್ಲಬ್ ಹಿಡಿಯುವ ಅಭ್ಯಾಸ ಪಿಲಿಕುಳದಲ್ಲೇ ಆಗಿತ್ತಲ್ಲ. ಅಲ್ಲಿ ಒಂದು ಟೂರ್ನಿಯಲ್ಲಿ ಹನ್ನೊಂದನೆಯವನಾಗಿ ಮುಗಿಸಿದ. ಅವನ ವೃತ್ತಿಯ ಅತಿ ಒಳ್ಳೆಯ ವಾರ ಅದೇ. ಬಂದ ದುಡ್ಡು ವಿಮಾನ ಮತ್ತು ಹೋಟೆಲಿಗೆ ಸರಿಹೋಗಿ, ಅಮ್ಮನಿಗೆ ಒಂದು ಕೈಚೀಲ ತರಲು ಉಳಿಯಿತು.

ಅವನು ಕನಸು ಕಂಡದ್ದು ಇದನ್ನಲ್ಲ, ಅಮೆರಿಕದ ಕಾರ್ನ್ ಫೆರಿ ಟೂರನ್ನು. ಅಲ್ಲಿನ ಎಲ್ಲಕ್ಕಿಂತ ದೊಡ್ಡ ಟೂರ್ ಆದ ಪಿಜಿಎ ಟೂರಿಗೆ ಅದೇ ಬಾಗಿಲು. 1990ರಲ್ಲಿ ಬೆನ್ ಹೋಗನ್ ಟೂರ್ ಅಂತ ಶುರುವಾಗಿ, ಆಮೇಲೆ ನೈಕಿ, ಬೈ ಡಾಟ್ ಕಾಮ್, ನೇಷನ್‌ವೈಡ್, ವೆಬ್ ಡಾಟ್ ಕಾಮ್ ಅಂತ ದುಡ್ಡು ಕೊಟ್ಟವರ ಹೆಸರೆಲ್ಲ ಇಟ್ಟುಕೊಂಡು 2019ರಲ್ಲಿ ಈಗಿನ ಹೆಸರಿಗೆ ಬಂದಿದೆ. ಒಂದೇ ವರ್ಷದಲ್ಲಿ ಮೂರು ಟೂರ್ನಿ ಗೆದ್ದರೆ ವರ್ಷಾಂತ್ಯದವರೆಗೆ ಕಾಯದೆ ಸೀದಾ ಮೇಲಕ್ಕೆ. ಒಂದಕ್ಕೇ ದಿಕ್ಕಿಲ್ಲದವರಿಗೆ ಮೂರು! ಆದರೆ ಅವನು ಅರ್ಜುನ್ ಅತ್ವಾಲ್ ಕಥೆ ಹೇಳುತ್ತಿದ್ದ. 2010ರಲ್ಲಿ ಅತ್ವಾಲ್ ಟೂರ್ ಕಾರ್ಡ್ ಕಳೆದುಕೊಂಡು, ವಿಂಡಮ್ ಚಾಂಪಿಯನ್‌ಶಿಪ್‌ಗೆ ಸೋಮವಾರದ ಅರ್ಹತಾ ಸುತ್ತಿನಲ್ಲಿ ಆಡಿ ಒಳಗೆ ಬಂದು, ಭಾನುವಾರ ಕಪ್ ಎತ್ತಿದ. ಪಿಜಿಎ ಟೂರ್ ಗೆದ್ದ ಮೊದಲ ಭಾರತೀಯ. ಎಸ್.ಎಸ್.ಪಿ. ಚೌರಾಸಿಯಾ ತಂದೆ ರಾಯಲ್ ಕಲ್ಕತ್ತಾ ಕ್ಲಬ್‌ನಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸದಲ್ಲಿದ್ದವರು, ಮಗ ಇಂಡಿಯನ್ ಓಪನ್ ಅನ್ನು 2016, 2017ರಲ್ಲಿ ಸತತ ಎರಡು ಸಲ ಗೆದ್ದ. 2022ರ ಮಾರ್ಚ್‌ನಲ್ಲಿ ಬೆಂಗಳೂರಿನ ಅನಿರ್ಬನ್ ಲಾಹಿರಿ ಪ್ಲೇಯರ್ಸ್ ಚಾಂಪಿಯನ್‌ಶಿಪ್‌ನಲ್ಲಿ ಒಂದೇ ಹೊಡೆತದ ಅಂತರದಲ್ಲಿ ಎರಡನೆಯವನಾದಾಗ ನಾವಿಬ್ಬರೂ ನಡುರಾತ್ರಿ ಟಿವಿ ಮುಂದೆ ಇದ್ದೆವು. ಎರಡನೆಯವನಿಗೆ 21 ಲಕ್ಷ ಡಾಲರ್‌ಗಿಂತ ಜಾಸ್ತಿ. ತಮ್ಮ ನಕ್ಕು, ಅಣ್ಣಾ, ನಮ್ಮ ಪುಸ್ತಕದಲ್ಲಿ ಇಷ್ಟು ಸೊನ್ನೆಗೆ ಕಾಲಂ ಉಂಟಾ ಅಂತ ಕೇಳಿದ. ಅದೇ ವರ್ಷ ಡಿಸೆಂಬರ್‌ನಲ್ಲಿ ಅವನೇ ಬಂದು ಮುಂದಿನ ವರ್ಷದ ಎಂಟ್ರಿ ಕಟ್ಟುವುದು ಬೇಡ ಅಂದ. ನಾನು ಯಾಕೆ ಅಂತ ಕೇಳಲಿಲ್ಲ, ಪುಸ್ತಕ ನನ್ನ ಹತ್ತಿರವೇ ಇತ್ತಲ್ಲ. ಈಗ ಬೆಂಗಳೂರಿನಲ್ಲಿ ಮಕ್ಕಳಿಗೆ ಕಲಿಸುತ್ತಾನೆ, ತಿಂಗಳಿಗೆ ಸಂಬಳ ಬರುತ್ತದೆ, ದಪ್ಪ ಆಗಿದ್ದಾನೆ.

ಬ್ಯಾಗಿಗೆ ಬರುತ್ತೇನೆ. ಬೇಡದ ವಿಷಯಗಳು ಕೆಲವು. ಕಪ್ಪು ಬಣ್ಣ ಬೇಡ, ಟೂರ್ನಿ ವಾರದಲ್ಲಿ ವಿಮಾನ ಇಳಿದರೆ ಬೆಲ್ಟ್ ಮೇಲೆ ಇಪ್ಪತ್ತು ಕಪ್ಪು ಬ್ಯಾಗ್ ಬರುತ್ತವೆ, ಒಮ್ಮೆ ಚಂಡೀಗಢದ ಹುಡುಗನ ಬ್ಯಾಗ್ ನಾವು ಎಳೆದುಕೊಂಡು ಟ್ಯಾಕ್ಸಿಯವರೆಗೆ ಹೋಗಿದ್ದೆವು. ನಾಲ್ಕು ಚಕ್ರದ್ದು ನೋಡಲು ಚೆಂದ, ಆದರೆ ಬಸ್ಸಿನ ಡಿಕ್ಕಿಯಲ್ಲಿ ಪ್ರತಿ ತಿರುವಿಗೂ ಓಡಾಡುತ್ತದೆ. ಎರಡು ಚಕ್ರ ಸಾಕು. ಒಳಗಿನ ಕಟ್ಟುವ ಪಟ್ಟಿ ನಮ್ಮದರಲ್ಲಿ ಮೊದಲ ವರ್ಷವೇ ಹೋಯಿತು, ಬದಲಿಗೆ ಸ್ಕೂಟರಿಗೆ ಸಾಮಾನು ಕಟ್ಟುವ ಇಲಾಸ್ಟಿಕ್ ಹಗ್ಗ ಹಾಕಿದ್ದೇವೆ. ಹ್ಯಾಂಡಲ್ ಹೊಲಿಗೆ ಮಾತ್ರ ಆರು ವರ್ಷವಾದರೂ ಒಂದು ದಾರ ಬಿಟ್ಟಿಲ್ಲ, ಅದನ್ನು ಮೆಚ್ಚಲೇಬೇಕು. ಒಟ್ಟು ಐದರಲ್ಲಿ ಮೂರೂವರೆ ಕೊಡುತ್ತೇನೆ. ವಾರಂಟಿ ಸರಿಯಾಗಿದ್ದರೆ ನಾಲ್ಕು ಕೊಡುತ್ತಿದ್ದೆ.

ವಾರಾಂತ್ಯಕ್ಕೆ ಆಡುವವರು, ವರ್ಷಕ್ಕೊಮ್ಮೆ ಊಟಿಗೋ ಚಿಕ್ಕಮಗಳೂರಿಗೋ ಕಾರಿನಲ್ಲಿ ಹೋಗುವವರು ಇಷ್ಟೆಲ್ಲ ಖರ್ಚು ಮಾಡಬೇಡಿ, ಹಳೆ ಬೆಡ್‌ಶೀಟ್ ಸುತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ. ಮಗ ಪಿಜಿಟಿಐಯ ಕೆಳಗಿನ ನೆಕ್ಸ್‌ಜೆನ್ ಟೂರ್‌ಗೆ ಹೊರಟಿದ್ದರೆ ಮಾತ್ರ, ಶೂ ಬೇಕಾದರೆ ಕಡಿಮೆಯದ್ದು ತಗೊಳ್ಳಿ, ಬ್ಯಾಗ್ ಒಳ್ಳೆಯದೇ ಇರಲಿ. ಮೊನ್ನೆ ಫೋನ್ ಮಾಡಿದವರ ಮಗನೂ ಹಾಗೆ ಹೊರಟವನೇ. ನಮ್ಮದನ್ನೇ ಕೊಡಿ ಅಂದರು. ಬಾಡಿಗೆಯೂ ಬೇಡ, ಬಂದು ತಗೊಂಡು ಹೋಗಿ, ಪೈಪ್ ಊರುಗೋಲೂ ಒಳಗೇ ಉಂಟು, ಅಮ್ಮನಿಗೆ ಕಪಾಟಾದರೂ ಖಾಲಿ ಆಗಲಿ ಅಂದಿದ್ದೇನೆ.

ಅವರು ಕೇಳಿದ ಇನ್ನೊಂದು ಪ್ರಶ್ನೆ, ರಿಕ್ಷಾದಲ್ಲಿ ಹಿಡಿಯುತ್ತದಾ ಅಂತ. ಅಡ್ಡ ಇಟ್ಟರೆ ಎರಡೂ ಕಡೆ ಹೊರಗೆ ಬರುತ್ತದೆ, ಪಂಪ್‌ವೆಲ್ ದಾಟುವಾಗ ಜೀವ ಕೈಯಲ್ಲಿ. ಡ್ರೈವರ್ ಸೀಟಿನ ಹಿಂದೆ ಓರೆಯಾಗಿ ನಿಲ್ಲಿಸಿ, ತಲೆ ಭಾಗ ಮೇಲೆ ಬರುವ ಹಾಗೆ, ನೀವು ಅದನ್ನು ಅಪ್ಪಿಕೊಂಡು ಕೂತರೆ ಹಿಡಿಯುತ್ತದೆ. ಮೀಟರ್ ಮೇಲೆ ಇಪ್ಪತ್ತು ಜಾಸ್ತಿ ಕೇಳುತ್ತಾರೆ, ಕೊಟ್ಟುಬಿಡಿ.